ಕುಂಕುಮದ ಕೆಂಪು ಬಟ್ಟೆಯ ಮೇಲೆ ಇಳಿಯುವವರೆಗೆ

ಎರಡು ವರ್ಷದ ಹಿಂದಿನ ಮಾತು. ಅಕ್ಟೋಬರ್ ಕೊನೆಯ ವಾರ, ನಮ್ಮ ಅಂಗಡಿಗೆ ರಾಜ್ಯೋತ್ಸವದ ಆರ್ಡರ್ ಬಂದಿತ್ತು. ಒಟ್ಟು 120 ಟೀ ಶರ್ಟ್. ಕಪ್ಪು ಬಟ್ಟೆ, ಎದೆಯ ಮೇಲೆ ಕರ್ನಾಟಕದ ನಕ್ಷೆ, ನಕ್ಷೆಯ ಮೇಲರ್ಧ ಅರಿಶಿನ, ಕೆಳಗಿನರ್ಧ ಕುಂಕುಮ. ನಲವತ್ತು ಮುಗಿಸಿ ಮೇಜಿನ ಮೇಲೆ ಮಡಚಿ ಇಟ್ಟಿದ್ದೆ. ಆರ್ಡರ್ ಕೊಟ್ಟ ಹುಡುಗ ಬಂದವನೇ ಒಂದನ್ನು ಎತ್ತಿಕೊಂಡು ಬಾಗಿಲ ಹೊರಗೆ ಹೋದ. ಕಿಸೆಯಿಂದ ಒಂದು ಕೈಬಾವುಟ ತೆಗೆದು ಪಕ್ಕದಲ್ಲಿ ಹಿಡಿದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದ: "ಅಕ್ಕಾರ, ಅರಿಶಿನ ಬರೋಬ್ಬರಿ ಐತ್ರಿ. ಆದ್ರ ಇದು ಕುಂಕುಮ ಅಲ್ರಿ, ಇಟ್ಟಂಗಿ ಆಗೇತಿ."

ನಾನೂ ಹೊರಗೆ ಹೋಗಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಕೆಂಪಾಗಿಯೇ ಕಂಡಿದ್ದು ಹಗಲಿನ ಬೆಳಕಿಗೆ ಬಂದಾಗ ಹಂಚಿನ ಬಣ್ಣಕ್ಕೆ ತಿರುಗಿತ್ತು. ಆ ನಲವತ್ತು ಶರ್ಟುಗಳನ್ನು ಬದಿಗಿಟ್ಟೆವು. ನವೆಂಬರ್ ಒಂದಕ್ಕೆ ಐದು ದಿನ ಉಳಿದಿತ್ತು. ಆ ಐದು ದಿನಗಳಲ್ಲಿ ಬಣ್ಣದ ಬಗ್ಗೆ ಕಲಿತಷ್ಟು ಅದರ ಹಿಂದಿನ ಎರಡು ವರ್ಷದಲ್ಲಿ ನಾನು ಕಲಿತಿರಲಿಲ್ಲ. ಬಟ್ಟೆಯ ಮೇಲೆ ನೇರವಾಗಿ ಇಂಕಿನ ಹನಿ ಬೀಳಿಸಿ ಪ್ರಿಂಟ್ ಮಾಡುವ ಡಿಟಿಜಿ ಮಷಿನ್ ಹಾಕಿಕೊಂಡು ಇದೇ ಕಷ್ಟದಲ್ಲಿರುವವರು ಈಗ ನಮ್ಮ ಕಡೆ ಸಾಕಷ್ಟು ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿ. ಅಪ್ಪ ಮೂವತ್ತು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವರು. ಲಗ್ನಪತ್ರಿಕೆ, ಬಟ್ಟೆ ಅಂಗಡಿಯ ಚೀಲ, ಶಾಲೆಯ ಬ್ಯಾಡ್ಜು, ಚುನಾವಣೆ ಬಂದರೆ ಬ್ಯಾನರು. ಅವರ ಕೆಲಸದಲ್ಲಿ ಬಣ್ಣ ಹುಟ್ಟುವುದು ಡಬ್ಬಿಯಲ್ಲಿ. ಬೇಕಾದ ಕೆಂಪನ್ನು ಮೊದಲೇ ಕಲಸಿ, ಬಟ್ಟೆಯ ಚೂರಿನ ಮೇಲೆ ಬಳಿದು, ಒಣಗಿಸಿ, ಒಪ್ಪಿಗೆಯಾದ ಮೇಲೆಯೇ ಜಾಲರಿಗೆ ಸುರಿಯುತ್ತಿದ್ದರು. ನನ್ನ ಮಷಿನ್ನಿನಲ್ಲಿ ಬಣ್ಣ ಹುಟ್ಟುವುದು ಬಟ್ಟೆಯ ಮೇಲೆ. ಡಬ್ಬಿಯಲ್ಲಿ ಇರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು, ಜೊತೆಗೆ ಬಿಳಿ. ಕೆಂಪು ಇಂಕು ಎಂಬುದು ಅದರೊಳಗೆ ಇಲ್ಲವೇ ಇಲ್ಲ. ಮಜೆಂಟಾದ ಹನಿ, ಹಳದಿಯ ಹನಿ ಒಂದರ ಪಕ್ಕ ಒಂದು, ಒಂದರ ಮೇಲೊಂದು ಬಿದ್ದು, ನಮ್ಮ ಕಣ್ಣಿನಲ್ಲಿ ಕೂಡಿ ಕೆಂಪಾಗುತ್ತವೆ. ಹಾಗಾಗಿ ಡಿಟಿಜಿಯಲ್ಲಿ ಕೆಂಪು ಕೆಟ್ಟರೆ ಯಾವುದೋ ಒಂದು ಡಬ್ಬಿಯನ್ನು ದೂರುವಂತಿಲ್ಲ. ಬಟ್ಟೆ, ಅದರ ಮೇಲಿನ ಔಷಧಿ, ಕೆಳಗಿನ ಬಿಳಿ, ಮೇಲಿನ ಎರಡು ಬಣ್ಣದ ಪ್ರಮಾಣ, ಕೊನೆಗೆ ಕಾಯಿಸುವ ಬಿಸಿ, ಇವುಗಳಲ್ಲಿ ಎಲ್ಲಿ ಎಡವಿದೆವು ಎಂದು ಒಂದೊಂದಾಗಿ ಹುಡುಕಬೇಕು.

ನಾನು ಮೊದಲು ಹುಡುಕಿದ್ದು ತಪ್ಪು ಜಾಗದಲ್ಲಿ. ಕಂಪ್ಯೂಟರಿನಲ್ಲಿ ಕೆಂಪನ್ನು ಏರಿಸಿದೆ, ಇಳಿಸಿದೆ, ಇಂಕಿನ ಪ್ರಮಾಣ ಹೆಚ್ಚಿಸಿದೆ. ಇಟ್ಟಂಗಿ ಬಣ್ಣ ಇನ್ನಷ್ಟು ಗಾಢ ಇಟ್ಟಂಗಿಯಾಯಿತು. ಆಗ ಅಪ್ಪ ಬಂದು ಶರ್ಟನ್ನು ಕೈಯಲ್ಲಿ ಹಿಡಿದು, ಬಣ್ಣದ ಮೇಲೆ ಬೆರಳಾಡಿಸಿ, "ಮ್ಯಾಲೆ ದಪ್ಪ ಐತಿ, ಕೆಳಗ ತೆಳ್ಳಗ ಐತಿ" ಅಂದರು. ಬಟ್ಟೆ ಮುಟ್ಟಿ ಹೇಳಿದ ಮಾತದು. ನನಗೆ ಥಟ್ಟನೆ ಹೊಳೆಯಿತು.

ಕಪ್ಪು ಬಟ್ಟೆಯ ಮೇಲೆ ಬಣ್ಣ ನಿಲ್ಲಬೇಕಾದರೆ ಕೆಳಗೆ ಬಿಳಿಯ ಹಾಸು ಬೇಕು. ಆ ಬಿಳಿ ಇಂಕು ನೂಲಿನೊಳಗೆ ಇಂಗಿ ಹೋಗದೆ ಮೇಲೆಯೇ ಗಟ್ಟಿಯಾಗಿ ಕೂರಬೇಕಾದರೆ ಅದಕ್ಕೂ ಮೊದಲು ಪ್ರೀಟ್ರೀಟ್ ಎಂಬ ದ್ರಾವಣ ಹೊಡೆದು ಒಣಗಿಸಬೇಕು. ಅದು ಮುಖ್ಯವಾಗಿ ಉಪ್ಪಿನ ನೀರು. ಅಡುಗೆಯ ಉಪ್ಪಲ್ಲ, ಕ್ಯಾಲ್ಸಿಯಂನಂಥ ಲೋಹದ ಲವಣ. ಹಾಲಿಗೆ ಹುಳಿ ಬಿದ್ದರೆ ಒಡೆಯುವ ಹಾಗೆ ಬಿಳಿ ಇಂಕು ಈ ಲವಣಕ್ಕೆ ತಾಗಿದ ಕೂಡಲೇ ಹೆಪ್ಪುಗಟ್ಟುತ್ತದೆ. ಲವಣ ಕಡಿಮೆಯಾದ ಜಾಗದಲ್ಲಿ ಬಿಳಿ ಇಂಕು ಇಂಗುತ್ತದೆ, ಕಪ್ಪು ನೂಲು ಇಣುಕುತ್ತದೆ. ಕೆಂಪಿನೊಳಗೆ ಕಪ್ಪು ಇಣುಕಿದರೆ ಆಗುವುದೇ ಇಟ್ಟಂಗಿ.

ನಾನು ಪ್ರೀಟ್ರೀಟನ್ನು ಕೈಯಲ್ಲಿ ಹಿಡಿಯುವ ಸ್ಪ್ರೇ ಗನ್ನಿನಲ್ಲಿ ಹೊಡೆಯುತ್ತಿದ್ದೆ. ಮೇಲಿನಿಂದ ಶುರು ಮಾಡಿ ಕೆಳಕ್ಕೆ. ಮೇಲೆ ಎರಡು ಸಲ ಓಡಾಡಿದ ಕೈ ಕೆಳಗೆ ಬರುವಷ್ಟರಲ್ಲಿ ಅವಸರಪಡುತ್ತಿತ್ತು. ಬಾವುಟದಲ್ಲಿ ಅರಿಶಿನ ಮೇಲೆ, ಕುಂಕುಮ ಕೆಳಗೆ. ಅರಿಶಿನ ಬರೋಬ್ಬರಿ ಬಂದದ್ದೂ ಕುಂಕುಮ ಕೆಟ್ಟದ್ದೂ ಒಂದೇ ಕಾರಣಕ್ಕೆ ಇರಬಹುದೇ? ಪರೀಕ್ಷೆ ಮಾಡಲು ಅದೇ ರೀತಿ ಕೈಯಲ್ಲಿ ಹೊಡೆದ ಇನ್ನೊಂದು ಶರ್ಟಿನ ಮೇಲೆ ನಕ್ಷೆಯ ಬಣ್ಣಗಳನ್ನು ಅದಲು ಬದಲು ಮಾಡಿ ಹಾಕಿದೆ. ಮೇಲಿನ ಕೆಂಪು ತಿಳಿಯಾಗಿ ಬಂತು. ಕೆಳಗಿನ ಹಳದಿ ಪಾಚಿ ಹಿಡಿದ ಹಾಗೆ ಮಂಕಾಗಿ ಬಂತು. ಒಂದು ದಿನ ಪೂರ್ತಿ ಕಂಪ್ಯೂಟರಿನ ಮುಂದೆ ಕೂತು ಸರಿ ಮಾಡಲು ನೋಡಿದ್ದು ಸ್ಪ್ರೇ ಗನ್ನಿನ ತಪ್ಪನ್ನು!

ಅವತ್ತಿನಿಂದ ಒಂದು ತಕ್ಕಡಿ ಇಟ್ಟುಕೊಂಡಿದ್ದೇನೆ. ಶರ್ಟನ್ನು ಪ್ರೀಟ್ರೀಟ್ ಹೊಡೆಯುವ ಮೊದಲು ತೂಗುತ್ತೇನೆ, ಹೊಡೆದ ತಕ್ಷಣ ಒದ್ದೆಯಲ್ಲೇ ಮತ್ತೆ ತೂಗುತ್ತೇನೆ. 14 ಇಂಚು ಅಗಲ, 16 ಇಂಚು ಉದ್ದದ ಜಾಗಕ್ಕೆ ನನ್ನ ಕಪ್ಪು ಬಟ್ಟೆಯಲ್ಲಿ ಸುಮಾರು 20 ಗ್ರಾಂ ಏರಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಬಿಳಿ ಇಂಗುತ್ತದೆ. ಬಹಳ ಜಾಸ್ತಿಯಾದರೆ ಬಟ್ಟೆ ರಟ್ಟಿನ ಹಾಗಾಗುತ್ತದೆ, ಕಾಯಿಸಿದ ಮೇಲೆ ಸುತ್ತ ಚೌಕಾಕಾರದ ಕಲೆ ಉಳಿಯುತ್ತದೆ, ಒಗೆದಾಗ ಬಣ್ಣ ಬಿರಿಯುತ್ತದೆ. ತೂಕ ಒಟ್ಟು ಎಷ್ಟು ಎಂದಷ್ಟೇ ಹೇಳುತ್ತದೆ, ಎಲ್ಲ ಕಡೆ ಸಮವಾಗಿ ಬಿತ್ತೇ ಎಂದು ಹೇಳುವುದಿಲ್ಲ. ಅದಕ್ಕೆ ಕೈಯ ದಾರಿ ಬದಲಿಸಿದೆ: ಒಂದು ಸುತ್ತು ಮೇಲಿನಿಂದ ಕೆಳಕ್ಕೆ, ಇನ್ನೊಂದು ಸುತ್ತು ಕೆಳಗಿನಿಂದ ಮೇಲಕ್ಕೆ. ಆಮೇಲೆ ಮೆತ್ತನೆಯ ರೋಲರ್ ಒಂದು ಸಲ.

ಬಿಳಿ ಇಂಕಿನದೂ ಒಂದು ಸ್ವಭಾವವಿದೆ. ಅದರಲ್ಲಿರುವ ಬಿಳುಪು ಟೈಟಾನಿಯಂ ಡೈಆಕ್ಸೈಡ್. ನೀರಿಗಿಂತ ನಾಲ್ಕು ಪಟ್ಟು ಭಾರ. ಸುಮ್ಮನೆ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ತಳಕ್ಕೆ ಇಳಿಯತೊಡಗುತ್ತದೆ. ಕಾರ್ಟ್ರಿಜ್ ಅಲುಗಾಡಿಸದೆ ಮುಂಜಾನೆ ಮೊದಲ ಶರ್ಟ್ ಹಾಕಿದರೆ ಬಿಳಿ ತೆಳ್ಳಗೆ ಬೀಳುತ್ತದೆ, ಮಧ್ಯಾಹ್ನದ ಶರ್ಟಿಗೂ ಬೆಳಗಿನ ಶರ್ಟಿಗೂ ಬಣ್ಣ ತಾಳೆಯಾಗುವುದಿಲ್ಲ. ಈಗ ದೇವರಿಗೆ ಊದಿನಕಡ್ಡಿ ಹಚ್ಚಿದ ಮೇಲೆ ನನ್ನ ಎರಡನೆಯ ಕೆಲಸ ಬಿಳಿ ಕಾರ್ಟ್ರಿಜ್ ಅಲುಗಾಡಿಸುವುದು, ಮೂರನೆಯದು ನಾಝಲ್ ಚೆಕ್, ಅಂದರೆ ಇಂಕಿನ ಎಲ್ಲ ತೂತುಗಳೂ ತೆರೆದಿವೆಯೇ ಎಂದು ಗೆರೆ ಹಾಕಿಸಿ ನೋಡುವುದು. ಮಜೆಂಟಾದಲ್ಲಿ ನಾಲ್ಕೈದು ಗೆರೆ ತುಂಡಾಗಿದ್ದರೂ ಸಾಕು, ಕೆಂಪು ಕಿತ್ತಳೆಯ ಕಡೆ ವಾಲುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮೂರ ಗಾಳಿ ಒಣಗಿ ಗರಿಗರಿಯಾದಾಗ ಇದು ಹೆಚ್ಚು. ಗಾಳಿಯ ತೇವ ಶೇಕಡಾ 45ಕ್ಕಿಂತ ಕೆಳಗಿಳಿದರೆ ಮಷಿನ್ ಇರುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಹಾಕುತ್ತೇನೆ.

ಪ್ರೀಟ್ರೀಟ್ ಸರಿಯಾದ ಮೇಲೆ ಇಟ್ಟಂಗಿ ಹೋಯಿತು. ಬಂದದ್ದು ಟೊಮ್ಯಾಟೊ. ತಿಳಿಯಾದ, ಹೊಳೆಯುವ, ಆದರೆ ಕಿತ್ತಳೆ ಬೆರೆತ ಕೆಂಪು. ಬಾವುಟದ ಪಕ್ಕ ಹಿಡಿದರೆ ಇನ್ನೂ ಬೇರೆಯೇ.

ಇಲ್ಲಿಂದ ಮುಂದಿನದು ನಿಜವಾಗಿಯೂ ಕಂಪ್ಯೂಟರಿನ ವಿಷಯ. ಹುಡುಗ ಕಳಿಸಿದ್ದು ವಾಟ್ಸಾಪಿನಲ್ಲಿ ಬಂದ ಚಿತ್ರ. ಅದರ ಕೆಂಪು 255, ಹಸಿರು 0, ನೀಲಿ 0. ಅಂದರೆ ಪರದೆ ಕೊಡಬಲ್ಲ ಅತಿ ಜೋರಾದ ಕೆಂಪು. ಈ ಅಂಕಿಗಳಿಗೆ ಅರ್ಥ ಕೊಡುವ ಎಸ್‌ಆರ್‌ಜಿಬಿ ಎಂಬ ಅಳತೆಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟದ್ದು ಅಂದಿನ ಪರದೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಪರದೆ ತಾನೇ ಬೆಳಕು ಚೆಲ್ಲುತ್ತದೆ. ಬಟ್ಟೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ವಾಪಸು ಕೊಡುತ್ತದೆ. ಪರದೆಯ ಜೋರು ಕೆಂಪು, ಅಚ್ಚ ನೀಲಿ, ಎಳೆ ಹಸಿರುಗಳಲ್ಲಿ ಬಹಳಷ್ಟು ನಮ್ಮ ಇಂಕಿನ ಕೈಗೆ ಎಟುಕುವುದೇ ಇಲ್ಲ. ಎಟುಕದ ಬಣ್ಣವನ್ನು ಕೇಳಿದಾಗ ಸಾಫ್ಟ್‌ವೇರ್ ತನಗೆ ತೋಚಿದ ಹತ್ತಿರದ ಬಣ್ಣ ಕೊಡುತ್ತದೆ. 255 ಕೇಳಿದ್ದಕ್ಕೆ ನನ್ನ ಮಷಿನ್ ಮಜೆಂಟಾ, ಹಳದಿ ಎರಡನ್ನೂ ತುಂಬ ಸುರಿದು ಟೊಮ್ಯಾಟೊ ಕೊಟ್ಟಿತು.

ಫೋಟೋ ಆದರೆ ಎಲ್ಲ ಬಣ್ಣಗಳೂ ಒಟ್ಟಿಗೆ ಸ್ವಲ್ಪ ಒಳಗೆ ಸರಿದರೂ ಕಣ್ಣಿಗೆ ಹಿತವಾಗಿರುತ್ತದೆ. ಅದಕ್ಕೆ ಪ್ರಿಂಟ್ ಸಾಫ್ಟ್‌ವೇರಿನಲ್ಲಿರುವ ಪರ್ಸೆಪ್ಚುವಲ್ ಎಂಬ ಆಯ್ಕೆ ಸರಿ. ಲೋಗೋ, ಬಾವುಟಕ್ಕೆ ನಾನು ರಿಲೇಟಿವ್ ಕಲರಿಮೆಟ್ರಿಕ್ ಹಾಕುತ್ತೇನೆ. ಎಟುಕುವ ಬಣ್ಣ ಇದ್ದಲ್ಲೇ ಇರುತ್ತದೆ, ಎಟುಕದ್ದು ಮಾತ್ರ ಗಡಿಗೆ ಬಂದು ನಿಲ್ಲುತ್ತದೆ. ಯಾವ ಅಂಕಿಗೆ ಎಷ್ಟು ಇಂಕು ಎಂದು ಮಷಿನ್ನಿಗೆ ಹೇಳುವ ಪ್ರೊಫೈಲ್ ಎಂಬ ಫೈಲಿನ ಬಗ್ಗೆ ಒಂದೇ ಮಾತು: ಅದು ಒಂದು ಬಟ್ಟೆ, ಒಂದು ಪ್ರೀಟ್ರೀಟ್, ಒಂದು ಬಿಸಿಗೆ ಕಟ್ಟಿದ್ದು. ಬಿಳಿ ಶರ್ಟಿನ ಪ್ರೊಫೈಲಿನಲ್ಲಿ ಕಪ್ಪು ಶರ್ಟ್ ಹಾಕಿ ಬಣ್ಣ ಸರಿ ಬರಲಿಲ್ಲ ಎನ್ನಬಾರದು.

ಆದರೆ ನನ್ನನ್ನು ಉಳಿಸಿದ್ದು ಪ್ರೊಫೈಲ್ ಅಲ್ಲ, ನಲವತ್ತೊಂಬತ್ತು ಚೌಕ. ಏಳು ಸಾಲು, ಏಳು ಕಂಬ. ಅಡ್ಡಕ್ಕೆ ಹೋದಂತೆ ಕೆಂಪಿನ ಅಂಕಿ 255ರಿಂದ ಇಳಿಯುತ್ತ ಹೋಗುತ್ತದೆ, ಕೆಳಗೆ ಬಂದಂತೆ ನೀಲಿಯ ಅಂಕಿ ಸೊನ್ನೆಯಿಂದ ಏರುತ್ತ ಬರುತ್ತದೆ. ಪ್ರತಿ ಚೌಕದ ಕೆಳಗೆ ಅದರ ಅಂಕಿ. ಇದನ್ನು ಅದೇ ಕಪ್ಪು ಬಟ್ಟೆಯ ಮೇಲೆ, ಅದೇ ಪ್ರೀಟ್ರೀಟಿನಲ್ಲಿ ಹಾಕಿ, ಕಾಯಿಸಿ, ತಣ್ಣಗಾಗಲು ಬಿಟ್ಟೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಉತ್ತರದ ಕಟ್ಟೆಯ ನೆರಳಿನಲ್ಲಿ, ಬಿಸಿಲು ನೇರ ಬೀಳದ ಕಡೆ, ಬಾವುಟವನ್ನು ಚೌಕದಿಂದ ಚೌಕಕ್ಕೆ ಸರಿಸುತ್ತ ಹೋದೆ. 205, 0, 35ರ ಚೌಕದ ಮೇಲೆ ಬಾವುಟದ ಅಂಚು ಕಳೆದೇ ಹೋಯಿತು. ಅಲ್ಲಿತ್ತು ಕುಂಕುಮ. ಪರದೆಯ ಮೇಲೆ ಅದೇ ಅಂಕಿ ನೋಡಿದರೆ ಸ್ವಲ್ಪ ನೇರಳೆಯ ಛಾಯೆಯ, ಯಾರೂ ಕುಂಕುಮ ಎಂದು ಒಪ್ಪದ ಬಣ್ಣ. ದಯವಿಟ್ಟು ನನ್ನ ಅಂಕಿಯನ್ನು ನಿಮ್ಮ ಮಷಿನ್ನಿಗೆ ಹಾಕಬೇಡಿ, ನಿಮ್ಮ ಬಟ್ಟೆಯ ಮೇಲೆ ನಿಮ್ಮ ಚೌಕಗಳನ್ನು ಹಾಕಿ.

ಅವತ್ತು ಅಮ್ಮ ಆ ಚೌಕಗಳನ್ನು ನೋಡಿ ಆರತಿಯ ನೀರಿನ ಮಾತು ತೆಗೆದಳು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಹಿಂದೆ ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದೂ ಅರಿಶಿನದಿಂದಲೇ ಎಂದಳು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಿಗೆ ತಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ನನ್ನ ಮಷಿನ್ನಿನ ಕೆಂಪೂ ಅರ್ಧ ಹಳದಿಯೇ. ಅದರೊಳಗಿನ ಹಳದಿಯನ್ನು ಎಷ್ಟು ಹಿಡಿದಿಡಬೇಕು ಎಂಬುದೇ ನನಗೆ ಆ ಐದು ದಿನದ ಪ್ರಶ್ನೆಯಾಗಿತ್ತು.

ಶರ್ಟುಗಳು ಸಮಯಕ್ಕೆ ಹೋದವು. ಹುಡುಗ ಮತ್ತೆ ಹೊರಗೆ ಹೋಗಿ ಬಾವುಟ ಹಿಡಿದು ನೋಡಿ, ಮಾತಾಡದೆ ಮಡಚಿ ಚೀಲಕ್ಕೆ ಹಾಕಿಕೊಂಡ. ಆದರೆ ಎರಡು ವಾರದ ಮೇಲೆ ಅವನೇ ಫೋನ್ ಮಾಡಿದ: ಒಗೆದ ಮೇಲೆ ಬಣ್ಣ ಬಿಟ್ಟಿದೆ.

ಒಂದನ್ನು ತರಿಸಿಕೊಂಡು ಅಪ್ಪನ ಭೂತಗನ್ನಡಿಯಲ್ಲಿ ನೋಡಿದೆ. ಬಣ್ಣ ಬಿಟ್ಟಿರಲಿಲ್ಲ. ಇಂಕು ಇದ್ದಲ್ಲೇ ಇತ್ತು. ಅದರ ಸಂದಿನಿಂದ ಸಣ್ಣ ಸಣ್ಣ ಹತ್ತಿಯ ಎಳೆಗಳು ಎದ್ದು ನಿಂತಿದ್ದವು. ಆ ರೋಮಗಳು ಬೆಳಕನ್ನು ಚದುರಿಸಿ ಕೆಂಪನ್ನು ಮಂಕು ಮಾಡಿದ್ದವು. ಬೇಕಿಂಗ್ ಪೇಪರ್ ಇಟ್ಟು ಹೀಟ್ ಪ್ರೆಸ್‌ನಲ್ಲಿ ಕೆಲವು ಸೆಕೆಂಡ್ ಒತ್ತಿದರೆ ಎಳೆ ಮಲಗಿ ಕುಂಕುಮ ಮರಳಿ ಬಂತು. ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದ ಬಟ್ಟೆ ಅದು, ಮೈಯೆಲ್ಲ ತುಪ್ಪಟ. ಬಣ್ಣದ ನಿಖರತೆ ಎಂದು ನಾವು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಧ ಭಾಗ ತಿರುಪ್ಪೂರಿನಿಂದ ಬಟ್ಟೆ ತರಿಸುವಾಗಲೇ ತೀರ್ಮಾನವಾಗಿರುತ್ತದೆ ಎಂದು ಈಗ ನಾನು ನಂಬುತ್ತೇನೆ. ಬಾಚಿ ಸಣ್ಣ ಎಳೆ ತೆಗೆದ ಕೋಂಬ್ಡ್ ಹತ್ತಿ, ಬಿಗಿಯಾಗಿ ಹೊಸೆದ ರಿಂಗ್ ಸ್ಪನ್ ನೂಲು, ಬಯೋ ವಾಶ್ ಆದ, ಚದರ ಮೀಟರಿಗೆ 180 ಗ್ರಾಂ ತೂಗುವ, ಅಂದರೆ 180 ಜಿಎಸ್‌ಎಂ ಬಟ್ಟೆ. ಬಯೋ ವಾಶ್‌ನಲ್ಲಿ ಕಿಣ್ವ ಹಾಕಿ ಎದ್ದ ರೋಮಗಳನ್ನು ತಿನ್ನಿಸಿರುತ್ತಾರೆ. ಪ್ರಿಂಟಿಗೆ ಮೊದಲು ಖಾಲಿ ಶರ್ಟನ್ನು ಒಮ್ಮೆ ಒತ್ತಿ ತೇವ ತೆಗೆದು ಎಳೆ ಮಲಗಿಸುವುದನ್ನೂ ಬಿಡುವುದಿಲ್ಲ. ಬಿಳಿ ಶರ್ಟಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಬಹಳಷ್ಟು ಬಿಳಿ ಬಟ್ಟೆಗೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಬಿಸಿಲಿನ ಅತಿನೇರಳೆ ಬಿದ್ದಾಗ ಅದು ನೀಲಿಯಾಗಿ ಮಿನುಗುತ್ತದೆ. ಅಂಥ ಬಟ್ಟೆಯ ಮೇಲಿನ ತಿಳಿ ಹಳದಿ ಹೊರಗೊಂದು ಒಳಗೊಂದು ಕಾಣುತ್ತದೆ.

ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಕಿನವರು ಹೇಳಿದ ಬಿಸಿ, ಹೇಳಿದ ಸಮಯ ಪಾಲಿಸಿ. ನನ್ನದು 165 ಡಿಗ್ರಿ ಸೆಲ್ಸಿಯಸ್. ಪ್ರೆಸ್ಸಿನ ಮೇಲೆ ಕಾಣುವ ಅಂಕಿ ನಂಬಬೇಡಿ, ತಾಪ ಅಳೆಯುವ ಗನ್ನಿನಿಂದ ನಾಲ್ಕು ಮೂಲೆ ನೋಡಿ. ನನ್ನದರ ಒಂದು ಮೂಲೆ ಹನ್ನೆರಡು ಡಿಗ್ರಿ ಕಡಿಮೆ ಇತ್ತು. ಮತ್ತೆ, ಮಷಿನ್ನಿನಿಂದ ಹೊರಬಂದ ಒದ್ದೆ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ಅಪ್ಪ ನನ್ನ ಹತ್ತನೆಯ ವಯಸ್ಸಿನಲ್ಲೇ ಹೇಳಿದ್ದರು: "ಬಣ್ಣ ಡಬ್ಬ್ಯಾಗ ಹೆಂಗ ಕಾಣತೈತಿ ಅಂತ ನೋಡಬ್ಯಾಡ, ಒಣಗಿದ ಮ್ಯಾಲೆ ನೋಡು."

ನಮ್ಮೂರಿನಲ್ಲೇ, ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. ಆ ಧ್ವಜಕ್ಕೆ ಐಎಸ್ 1 ಎಂಬ ಭಾರತೀಯ ಮಾನಕ ಇದೆ. ಅದರಲ್ಲಿ ಕೇಸರಿ ಎಂದರೆ ಬರೀ ಕೇಸರಿ ಅಲ್ಲ, ಎಕ್ಸ್ 0.538, ವೈ 0.360 ಎಂಬ ಬಣ್ಣದ ನಕಾಶೆಯ ಒಂದು ಬಿಂದು. ಯಾರು, ಯಾವ ವರ್ಷ ಬಣ್ಣ ಹಾಕಿದರೂ ಅಲ್ಲಿಗೇ ಬಂದು ಮುಟ್ಟಬೇಕು. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ನಮ್ಮ ಅರಿಶಿನ-ಕುಂಕುಮದ ಬಾವುಟ ಜನರ ಪ್ರೀತಿಯಿಂದ ಹಬ್ಬಿದ್ದು. ನನ್ನ ಡ್ರಾಯರಿನಲ್ಲಿ ಈಗ ಅಂಥ ಮೂರು ಕೈಬಾವುಟ ಇವೆ, ಮೂರರಲ್ಲೂ ಬೇರೆ ಬೇರೆ ಕುಂಕುಮ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವಾಗ ಯಾವ ಕೆಂಪು ಎಂದು ಬಾಯಲ್ಲಿ ಕೇಳುವುದನ್ನು ಬಿಟ್ಟೆ. ಬಟ್ಟೆಯ ಚೂರು ತನ್ನಿ ಎನ್ನುತ್ತೇನೆ. ಒಂದು ಶರ್ಟ್ ಹಾಕಿ ಕೈಗೆ ಕೊಟ್ಟು, ಹೊರಗೆ ಹೋಗಿ ನೋಡಿ ಒಪ್ಪಿದ ಮೇಲೆಯೇ ಉಳಿದದ್ದು. ಫೋಟೋ ಕಳಿಸಿ ಒಪ್ಪಿಗೆ ಪಡೆಯುವುದಿಲ್ಲ. ಅವರ ಫೋನಿನ ಕೆಂಪಿಗೂ ನನ್ನ ಬಟ್ಟೆಯ ಕೆಂಪಿಗೂ ಸಂಬಂಧವಿಲ್ಲ.

ಈ ಯುಗಾದಿಯ ಹೊತ್ತಿಗೆ ಬಾಗಲಕೋಟೆ ಕಡೆಯ ಒಬ್ಬ ಟೀಚರ್ ಬಂದಿದ್ದರು. ಅವರ ಅಜ್ಜಿಯ ಇಳಕಲ್ ಸೀರೆ ತಂದಿದ್ದರು. ದಾಳಿಂಬರ ಕೆಂಪು ಒಡಲು, ಗಿಣಿ ಹಸಿರು ಅಂಚು. ಅಜ್ಜಿಯ ತೊಂಬತ್ತನೆಯ ವರ್ಷಕ್ಕೆ ಮನೆಯ ಮೂವತ್ತು ಜನಕ್ಕೂ ಆ ಎರಡೇ ಬಣ್ಣದಲ್ಲಿ ಟೀ ಶರ್ಟ್ ಬೇಕು. ಕೆಂಪು ಎರಡನೇ ಪ್ರಯತ್ನಕ್ಕೆ ಕೂಡಿ ಬಂತು. ಹಗಲಿನಲ್ಲಿ ಸೀರೆಗೂ ಶರ್ಟಿಗೂ ವ್ಯತ್ಯಾಸ ಕಾಣಲಿಲ್ಲ, ರಾತ್ರಿ ಹಳದಿ ಬಲ್ಬಿನ ಕೆಳಗೆ ಶರ್ಟು ಸ್ವಲ್ಪ ಕಿತ್ತಳೆಗೆ ಹೋಯಿತು. ಸೀರೆಯ ಬಣ್ಣದ ಮೂಲ ಬೇರೆ, ನನ್ನ ಇಂಕಿನ ಮೂಲ ಬೇರೆ. ಒಂದು ಬೆಳಕಿನಲ್ಲಿ ಜೊತೆಯಾದವು ಇನ್ನೊಂದರಲ್ಲಿ ಬೇರೆಯಾಗುತ್ತವೆ. ಸಮಾರಂಭ ಹಗಲಿಗೋ ರಾತ್ರಿಗೋ ಎಂದು ಕೇಳಿದೆ. ಮಧ್ಯಾಹ್ನದ ಊಟಕ್ಕೆ ಎಂದರು. ಹಗಲಿನ ಬಣ್ಣವನ್ನೇ ಉಳಿಸಿಕೊಂಡೆ.

ಗಿಣಿ ಹಸಿರು ಬರಲಿಲ್ಲ. ಸಯಾನಿಗೆ ಹಳದಿ ಬೆರೆಸಿ ನಲವತ್ತೊಂಬತ್ತರ ಎರಡು ಹಾಳೆ ಹಾಕಿದೆ. ಬೇವಿನ ಎಲೆ ಬಂತು, ಬಾಳೆ ಎಲೆ ಬಂತು, ಆ ಎಳೆ ಮಿಂಚು ಮಾತ್ರ ಯಾವ ಚೌಕದಲ್ಲೂ ಇರಲಿಲ್ಲ. ನನ್ನ ಇಂಕಿನಲ್ಲಿ ಇದು ಇಲ್ಲ ಎಂದು ಟೀಚರಿಗೆ ಹೇಳಿದೆ. ಹಾಗೆ ಹೇಳುವಾಗ ಬೇಸರವಾಯಿತು, ಅವರು ಸೀರೆ ಮಡಚುತ್ತಿದ್ದರು.

ಅಪ್ಪ ಒಳಗಿನಿಂದ ಬಂದು ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಪಾಟಿನಲ್ಲಿ ಹಸಿರು ಹಸಿರಾಗಿಯೇ ಡಬ್ಬಿಯಲ್ಲಿದೆ. ಅದಕ್ಕೆ ನಿಂಬೆ ಹಳದಿ ಸೇರಿಸಿ ಬಟ್ಟೆಯ ಚೂರಿನ ಮೇಲೆ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಸೀರೆಯ ಮೇಲಿಟ್ಟರು. ಎರಡು ಸಲ ಹಳದಿ ಹೆಚ್ಚಿಸಿದರು. ಮೂರನೆಯದಕ್ಕೆ ಟೀಚರ್ ಕುರ್ಚಿಯಿಂದ ಎದ್ದು ಬಂದರು. ಮೂವತ್ತು ಶರ್ಟುಗಳ ಕೆಂಪನ್ನು ನಾನು ಮಷಿನ್ನಿನಲ್ಲಿ ಹಾಕಿದೆ, ಅಂಚಿನ ಹಸಿರನ್ನು ಅಪ್ಪ ಹಳೆಯ ಮೇಜಿನ ಮೇಲೆ ಜಾಲರಿ ಇಟ್ಟು ಎಳೆದರು. ಆ ಹಸಿರಿನ ಚೂರನ್ನು, ಎಷ್ಟು ಚಮಚ ಏನು ಎಂದು ಅಪ್ಪನ ಅಕ್ಷರದಲ್ಲೇ ಬರೆಸಿ, ಕುಂಕುಮದ ಚೌಕಗಳ ಪಕ್ಕ ಗೋಡೆಗೆ ಪಿನ್ ಮಾಡಿದ್ದೇನೆ.